ಹೆಣ್ಣು ಕೊಡುವ ಮೊದಲು

ಮಗ್ಗದ ಮೇಲಿದ್ದ ಸೀರೆಯ ಮೇಲೆ ಬೆರಳಾಡಿಸುತ್ತಿದ್ದ ಚಿನ್ನಕ್ಕನ ಕೈ ತಟ್ಟನೆ ನಿಂತುಬಿಟ್ಟಿತು. ಮಗಳು ಕೃಷ್ಣವೇಣಿಯ ಧಾರೆ ಸೀರೆ ಅದು. ಮದುವೆಗಂಡು ನಾಗರಾಜು, ತೀರಿಹೋದ ತಮ್ಮನ ಮಗ, ತಾನೇ ನೇಯ್ತೀನಿ ಅಂತ ಹಟ ಹಿಡಿದು ಕೂತಿದ್ದ. ಲಗ್ನಪತ್ರಿಕೆ ಬರೆಸಲೆಂದು ಚಿನ್ನಕ್ಕ ಬೆಳಗ್ಗೆ ತಾನೇ ಕಲ್ಯಾಣದುರ್ಗದಿಂದ ಹಿಂದೂಪುರದ ತಮ್ಮನ ಮನೆಗೆ ಬಂದಿಳಿದಿದ್ದಳು.

ಸೀರೆ ಒಂದು ಗೇಣು ಬಿಗಿ, ಮುಂದಿನ ಗೇಣು ಜಾಳು. ಮತ್ತೆ ಬಿಗಿ, ಮತ್ತೆ ಜಾಳು. ಮೀಸೆ ಮೂಡುವ ಮೊದಲೇ ಒಂದೆಳೆ ತಪ್ಪದೆ ನೇಯ್ದವನು ಇವನು! ನೇಯುವ ಕೈ ಹದ ತಪ್ಪಿದೆಯೆಂದು ನಲವತ್ತು ವರ್ಷ ಮಗ್ಗದಲ್ಲಿ ಕೂತವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ದಿಷ್ಟಿ ಕಣಕ್ಕ,” ಎಂದಳು ಹುಡುಗನ ತಾಯಿ ಶೋಭಾರಾಣಿ, ಕಾಫಿ ಲೋಟ ಇಡುತ್ತಾ. “ಊಟ ಸೇರಲ್ಲ, ಹಳೇ ಸ್ನೇಹಿತ್ರು ಬೇಡ, ಹಗಲೆಲ್ಲಾ ತೂಕಡಿಸ್ತಾನೆ. ಮೂರು ಸಲ ನಿವಾಳಿಸ್ದೆ. ಮದ್ವೆ ಆದ್ರೆ ಎಲ್ಲಾ ಸರಿಹೋಯ್ತದೆ ಬುಡು.”

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತಾರಲ್ಲ, ಹಾಗಾಯ್ತು ಕಥೆ! ಕಲ್ಯಾಣದುರ್ಗದಲ್ಲಿ ತನ್ನ ಪಕ್ಕದ ಮನೆಯ ಮುತ್ಯಾಲಮ್ಮನ ಮಗ ಮತ್ತಿನ ಸೂಜಿಗೆ ಬಿದ್ದಾಗ ಅವಳೂ ಹೀಗೇ ನಿವಾಳಿಸುತ್ತಾ ಕೂತಿದ್ದಳು. ಕೊನೆಗೆ ಆ ಮಗನನ್ನು ಮಣ್ಣು ಮಾಡಿದ್ದನ್ನು ಚಿನ್ನಕ್ಕ ಕಣ್ಣಾರೆ ಕಂಡಿದ್ದಳು.

ಮೂಲೆಯಲ್ಲಿ ತೂಕಡಿಸುತ್ತಿದ್ದ ನಾಗರಾಜುವಿನ ಎದುರು ಹೋಗಿ ಕೂತಳು. ಈ ಉರಿಬಿಸಿಲಲ್ಲೂ ಅವನಿಗೆ ತುಂಬುತೋಳಿನ ಅಂಗಿ. ಎಡಗೈ ಹಿಡಿದು ತೋಳು ಸರ್ರನೆ ಮೇಲೇರಿಸಿದಳು. ಮೊಣಕೈಯ ಒಳಮಡಿಕೆಯಲ್ಲಿ ಸಾಲಾಗಿ ಸೂಜಿಯ ಗಾಯ.

“ಯಾವತ್ತಿಂದ ಕಣ್ಲಾ?”

“ಏಂ ಲೇದತ್ತಾ...”

“ಏನಿಲ್ಲ ಅಂತ ತೆಲುಗಲ್ಲಿ ಹೇಳಿದ್ರೆ ಸುಳ್ಳು ನಿಜ ಆಯ್ತದಾ?”

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ. “ಆರು ತಿಂಗ್ಳು. ಬುಡೋಕೆ ಆಯ್ತಾ ಇಲ್ಲ ಅತ್ತೆ.”

ಶೋಭಾರಾಣಿ ಓಡಿಹೋಗಿ ಬೀದಿಬಾಗಿಲು ಹಾಕಿದಳು. “ಮೆಲ್ಲಗೆ ಅಕ್ಕಾ, ಯಾರಾದ್ರೂ ಕೇಳಿಸ್ಕೊಂಡಾರು! ನಿನ್ನ ಕಾಲಿಗೆ ಬೀಳ್ತೀನಿ, ಹೆಣ್ಣು ಕೊಡಲ್ಲ ಅನ್ಬೇಡ. ಮಾನ ಹೋಯ್ತದೆ.”

ಚಿನ್ನಕ್ಕ ಎದ್ದುಹೋಗಿ ಬಾಗಿಲನ್ನು ಮತ್ತೆ ತೆರೆದಳು.

“ಹೆಣ್ಣಿನ ಮಾತು ಆಮೇಲೆ. ಅದನ್ನ ಕೃಷ್ಣವೇಣಿನೇ ಹೇಳ್ತಾಳೆ. ನಾನೀಗ ಡಾಕ್ಟರ ಹತ್ರ ಹೊರಟಿದ್ದೀನಿ. ಮೊದ್ಲು ನಿನ್ನ ಮಗನ್ನ ನನಗೆ ಕೊಡು.”