ಸುಟ್ಟ ವರ್ಷ

ಆ ಸೋಮವಾರ ಬೆಳಗ್ಗೆ ಅಂಬಾಜಿದುರ್ಗ ಮಂಜಿನಲ್ಲಿ ಮುಳುಗಿಹೋಗಿತ್ತು. ಕಾದ ಹಾಲಿನ ಮೇಲೆ ಕೆನೆ ನಿಂತ ಹಾಗೆ ಬಿಳುಪು ಗುಡ್ಡದ ಮೇಲೆ ನಿಂತಿತ್ತು. ಕೆಳಗೆ ಊರು ಉಂಟೋ ಇಲ್ಲವೋ, ಕೋಳಿಯ ಕೂಗು ಮಾತ್ರ ಎದ್ದು ಬರುತ್ತಿತ್ತು. ಕಾರ್ತಿಕದ ಮೊದಲ ಸೋಮವಾರ. ಸಂಜೆ ಗುಡ್ಡದಮ್ಮನಿಗೆ ದೀಪ. ಮೊದಲ ದೀಪ ಕೋನಪ್ಪನ ಮನೆಯದು, ಉಳಿದವರ ಹಣತೆಗಳೆಲ್ಲ ಅದರಿಂದಲೇ ಹತ್ತಬೇಕು. ಆದರೆ ಅಮ್ಮನ ಕಲ್ಲಿಗೆ ನೆರಳಾಗಿದ್ದ ಹಳೆಯ ತೇಗದ ಮರ ಈ ಸಲದ ಮಳೆಗಾಳಿಗೆ ಮುರಿದು ಬಿದ್ದಿತ್ತು.

ಮುರಿದ ಮರದ ಒಡಲಲ್ಲಿ ಅಂಗೈಯಗಲದ ಸುಟ್ಟ ಕಪ್ಪು ಕಂಡಿತ್ತು. ಅದನ್ನು ಕಂಡದ್ದೇ ತಡ, ಊರು ಮರೆತಂತಿದ್ದ ಮಾತು ಮತ್ತೆ ಎದ್ದು ಕೂತಿತು. ಕೋನಪ್ಪನ ಮದುವೆಯಾದ ವರ್ಷ, ದನ ಕಾಯುತ್ತಿದ್ದ ಬಯ್ಯಪ್ಪ, ಹೊಸ ಹುಲ್ಲು ಚಿಗುರಲೆಂದು ಗುಡ್ಡದ ಒಣಹುಲ್ಲಿಗೆ ಬೆಂಕಿ ಕೊಟ್ಟಿದ್ದ. ಅದು ಅಮ್ಮನ ಮರದವರೆಗೂ ಹರಿದಿತ್ತು. ಮರ ಸುಟ್ಟವನ ಮನೆಯ ದೀಪ ಅಮ್ಮನಿಗೆ ಬೇಡ ಎಂದು ಆಗ ಊರು ತೀರ್ಮಾನಿಸಿತು. ತಾತ ಮುತ್ತಾತನ ಕಾಲದಿಂದ ಬಯ್ಯಪ್ಪನ ಮನೆಯಲ್ಲಿದ್ದ, ಮೊದಲು ಹಚ್ಚುವ ಹಿತ್ತಾಳೆ ದೀಪವನ್ನು ತಂದು ಕೋನಪ್ಪನ ತಂದೆಯ ಕೈಗಿಟ್ಟಿತು. ಬಯ್ಯಪ್ಪ ಮರ ಸುಟ್ಟವನೆಂಬ ಹೆಸರು ಹೊತ್ತುಕೊಂಡೇ ತೀರಿಹೋದ. ಅವನ ಹೆಂಡತಿ ಮುನಿಗಂಗಮ್ಮ ಮಾತ್ರ ಪ್ರತಿ ಕಾರ್ತಿಕಕ್ಕೂ ಮಣ್ಣಿನ ಹಣತೆ ಹಿಡಿದು ಬಂದು ಎಲ್ಲರ ಹಿಂದೆ ನಿಲ್ಲುತ್ತಿದ್ದಳು.

"ಒಳಗೊಳಗೇ ತಿಂದು ಈಗ ಕೆಡವಿತು ನೋಡು, ಅವನ ಬೆಂಕಿ," ಎಂದ ಕೋನಪ್ಪ, ಗುಡ್ಡ ಹತ್ತಿದ ಏದುಸಿರಿನಲ್ಲೇ. ಜೊತೆಗೆ ಮೊಮ್ಮಗಳು ಚೈತನ್ಯ. ಉತ್ತರಾಖಂಡದ ಬೆಟ್ಟಗಳಲ್ಲಿ ಪೈನ್ ಮರದ ಉಂಗುರ ನೋಡಿ, ಯಾವ ಯಾವ ವರ್ಷ ಕಾಡ್ಗಿಚ್ಚು ಬಂದಿತ್ತೆಂದು ಓದುವುದು ಅವಳ ಕೆಲಸ. ದೀಪಾವಳಿಗೆಂದು ಊರಿಗೆ ಬಂದಿದ್ದಳು. "ನೀನು ಓದಿ ಹೇಳಮ್ಮ. ಆ ಮುನಿಗಂಗಿ ಕಿವಿಗೂ ಬೀಳ್ಲಿ. 'ನಮ್ಮ ಯಜಮಾನ ಮರ ಸುಟ್ಟಿಲ್ಲ' ಅಂತ ಇವತ್ತಿಗೂ ಸಾಧಿಸ್ತಾಳೆ."

ಮುನಿಗಂಗಮ್ಮ ಆಗಲೇ ಬಂದು ಅಮ್ಮನ ಕಲ್ಲಿನ ಸುತ್ತ ಗುಡಿಸುತ್ತಿದ್ದಳು. "ಹೇಳಿಸಿ ಗೌಡ್ರೇ. ಕಣ್ಣು ಮಂಜಾಗೈತೆ, ಕಿವಿ ಇನ್ನೂ ಚೆನ್ನಾಗೈತೆ," ಎಂದಳು, ಪೊರಕೆ ನಿಲ್ಲಿಸದೆ.

ಗರಗಸದಲ್ಲಿ ಸಮ ಮಾಡಿಸಿದ್ದ ಬುಡವನ್ನು ಚೈತನ್ಯ ಉಜ್ಜಿ ಉಜ್ಜಿ ನಯ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯ ಸುತ್ತುಗಳಂತೆ ಉಂಗುರಗಳು ಒಂದರೊಳಗೊಂದು ಎದ್ದು ಕಂಡವು. "ತೊಗಟೆ ಪಕ್ಕದ್ದು ಈ ವರ್ಷ ತಾತ. ವರ್ಷಕ್ಕೊಂದು ಸುತ್ತು. ಒಳಗೆ ಹೋದಷ್ಟೂ ಹಿಂದಕ್ಕೆ." ಎಣಿಸುತ್ತಾ ಗುಂಡುಸೂಜಿ ಚುಚ್ಚಿದಳು. "ಇದು ನಾನು ಹುಟ್ಟಿದ್ದು. ಇದು ಅಪ್ಪ ಹುಟ್ಟಿದ್ದು. ಇದು ನಿನ್ನ ಮದುವೆ."

ಕೋನಪ್ಪ ಬಾಗಿದ. ಸೂಜಿಯ ಬುಡದಲ್ಲಿ ಅವನ ಚಪ್ಪರ, ಬಾಸಿಂಗ, ಗುಡ್ಡದಿಂದ ಇಳಿದ ಹೊಗೆಗೆ ಸೆರಗು ಅಡ್ಡ ಹಿಡಿದಿದ್ದ ಮದುಮಗಳು ಎಲ್ಲ ಮಂಜಿನೊಳಗಿಂದ ಬಂದಂತೆ ಬಂದು ಹೋದವು. ಉಂಗುರ ಮಾತ್ರ ಜೇನಿನ ಬಣ್ಣದ್ದು, ಅಗಲವಾದದ್ದು. ಒಂದು ಕಲೆ ಇಲ್ಲ.

"ಕಪ್ಪೆಲ್ಲಿ?"

"ಇಲ್ಲಿಲ್ಲ ತಾತ. ಬೆಂಕಿ ಮರಕ್ಕೆ ತಾಗಿದ್ದಿದ್ರೆ ಇದೇ ಸುತ್ತಲ್ಲಿ ಗಾಯ ಇರ್ಬೇಕಿತ್ತು. ಅವತ್ತು ಹುಲ್ಲು ಉರಿದಿದೆ, ಅಷ್ಟೇ. ಮರ ಮುಂದಿನ ವರ್ಷ ಇನ್ನೂ ದಪ್ಪ ಆಗಿದೆ." ಅವಳ ಬೆರಳು ಒಳಗೆ, ಇನ್ನೂ ಒಳಗೆ ಸರಿದು, ತಿರುಳಿನ ಹತ್ತಿರ ಆ ಕಪ್ಪಿನ ಮೇಲೆ ನಿಂತಿತು. ಮಲಗಿದ ಮಗುವಿಗೆ ತಾಯಿ ಸೆರಗು ಹೊದಿಸಿದಂತೆ, ಸುಟ್ಟ ಜಾಗದ ಮೇಲೆ ವರ್ಷ ವರ್ಷವೂ ಹೊಸ ಮರ ಬಂದು ಮುಚ್ಚಿಕೊಂಡಿತ್ತು. "ಇದು ನಿಮ್ಮಪ್ಪ ಹುಟ್ಟೋಕೂ ಮುಂಚಿನ ಬೆಂಕಿ."

"ಯಾರು ಹಚ್ಚಿದ್ದು?"

"ಅದನ್ನ ಮರ ಹೇಳಲ್ಲ ತಾತ. ಯಾವಾಗ ಅನ್ನೋದಷ್ಟೇ ಹೇಳುತ್ತೆ."

"ಇನ್ನೊಂದ್ಸಲ ಎಣಿಸು."

ಅವಳು ಇನ್ನೊಂದು ಮಗ್ಗುಲಿಂದ ಎಣಿಸಿದಳು. ಸೂಜಿಗಳು ಅವೇ ಸುತ್ತುಗಳ ಮೇಲೆ ಬಂದು ನಿಂತವು. ಪೊರಕೆಯ ಸದ್ದು ಯಾವಾಗ ನಿಂತಿತ್ತೋ, ಮುನಿಗಂಗಮ್ಮ ಪಕ್ಕದಲ್ಲಿದ್ದಳು. ಸೂಜಿಗಳ ಕಡೆ ನೋಡಲಿಲ್ಲ. ಆ ಕಪ್ಪಿನ ಮೇಲೆ ಅಂಗೈ ಇಟ್ಟು, "ಇಷ್ಟು ದೊಡ್ಡ ಸುಟ್ಟಗಾಯ ಹೊಟ್ಟೇಲಿಟ್ಕೊಂಡು ನೆರಳು ಕೊಟ್ಯಲ್ಲೇ ತಾಯಿ," ಎಂದಳು. ಮತ್ತೆ ಪೊರಕೆ ಎತ್ತಿಕೊಂಡು ಗುಡಿಸತೊಡಗಿದಳು. ಒಂದು ಮಾತು ಬೈದಿದ್ದರೆ ಕೋನಪ್ಪನಿಗೆ ಗುಡ್ಡ ಇಳಿಯುವುದು ಸುಲಭವಾಗುತ್ತಿತ್ತೇನೋ.

ಸಂಜೆ ಊರು ಗುಡ್ಡ ಹತ್ತಿತು. ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆ ದೀಪ ಹಿಡಿದು, ಯಾವಾಗಿನಂತೆ ಕೋನಪ್ಪ ಮುಂದೆ. ಅಮ್ಮನ ಮುಂದೆ ಬಂದು ನಿಂತವನು ಬತ್ತಿ ಹಚ್ಚಲೇ ಇಲ್ಲ.

"ಹಚ್ಚಿ ಗೌಡ್ರೇ, ಗಾಳಿ ಏಳ್ತೈತೆ," ಎಂದರು ಯಾರೋ.

ಕೋನಪ್ಪ ತಿರುಗಿದ. ಜನ ಏನೆಂದು ತಿಳಿಯದೆ ದಾರಿ ಬಿಟ್ಟರು. ಅವನು ಎಲ್ಲರನ್ನೂ ದಾಟಿ ಹಿಂದಕ್ಕೆ, ಕಟ್ಟಕಡೆಯವರೆಗೂ ನಡೆದು ಬಂದ.

"ಮುನಿಗಂಗಮ್ಮ," ಎಂದ. ಆ ಬಾಯಲ್ಲಿ ಅವಳ ಹೆಸರು ಪೂರ್ತಿಯಾಗಿ ಬಂದದ್ದು ಅದೇ ಮೊದಲು. "ತಗೊಳಮ್ಮ. ನಿಮ್ಮನೇದು."

ಅವಳ ಕೈಯಲ್ಲಿ ಹಣತೆ ಇತ್ತು. ಅದನ್ನು ಅವನ ಅಂಗೈಗಿಟ್ಟು, ಹಿತ್ತಾಳೆ ದೀಪವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಂಜು ಮತ್ತೆ ಇಳಿಯುತ್ತಿತ್ತು. ಅವಳು ಅದರೊಳಗೆ ಮೆಲ್ಲಗೆ ಮುಂದೆ ಹೋದಳು. ಅವಳು ಇಷ್ಟು ವರ್ಷ ನಿಂತಿದ್ದ ಜಾಗದಲ್ಲಿ, ಹಚ್ಚದ ಹಣತೆ ಹಿಡಿದ ಕೋನಪ್ಪ, ಬೆಂಕಿ ತನ್ನವರೆಗೆ ಬರಲೆಂದು ಕಾಯುತ್ತಾ ನಿಂತ.