ಪೂಜೆಗಿಟ್ಟ ಪಲ್ಟನ್ ಟೋಪಿ

“ಅರೆ! ಇದು ನಮ್ಮ ಪಲ್ಟನ್ನಿನ ಟೋಪಿ ಬಾವಾ!” ಎಂದು ಸುಬೇದಾರ್ ವೆಂಕಟರಾಯಪ್ಪನವರು ಪಡಸಾಲೆಯಲ್ಲಿ ಕೂಗಿದ್ದು ಅಂಗಳ ಗುಡಿಸುತ್ತಿದ್ದ ಮುದುಕಿ ಕದಿರಮ್ಮನ ಕಿವಿಗೂ ಬಿತ್ತು. ಆಕೆಯ ಪೊರಕೆ ನಿಂತಿತು.

ಎಪ್ಪತ್ತೆಂಟರ ಆಯುಧಪೂಜೆ. ಹೋಳೂರಿನ ಕೋದಂಡರಾಮಪ್ಪನವರ ಮನೆಯಲ್ಲಿ ನೇಗಿಲು, ಕುಡುಗೋಲು, ಪಂಪ್‌ಸೆಟ್ಟಿನ ಪಾನಾಗಳ ನಡುವೆ ಎಂದಿನಂತೆ ಆ ಟೋಪಿಯನ್ನೂ ಮಣೆಯ ಮೇಲೆ ಕೂರಿಸಿದ್ದರು. ಅಂಥ ಟೋಪಿಯನ್ನು ಆ ಸೀಮೆಯಲ್ಲಿ ಬೇರೆ ಯಾರೂ ಕಂಡಿರಲಿಲ್ಲ. ಮುಂದೆ ಅಂಚಿಲ್ಲ, ಬೋರಲು ಹಾಕಿದ ಸೇರಿನ ಹಾಗೆ ಎತ್ತರ, ಕಡುನೀಲಿ ಬಟ್ಟೆ, ಹಣೆಯ ಕಡೆ ಹಿತ್ತಾಳೆ ಬಿಲ್ಲೆ. ಕೋದಂಡರಾಮಪ್ಪನವರ ತಂದೆಗೆ ಯಾರೋ ಬಿಳಿ ದೊರೆ ಮೆಚ್ಚಿ ಕೊಟ್ಟದ್ದಂತೆ. ವರ್ಷ ವರ್ಷವೂ ಮನೆಮಂದಿಯೆಲ್ಲ ಅದಕ್ಕೆ ಕುಂಕುಮವಿಟ್ಟು, ಅಡ್ಡಬಿದ್ದು, ಆಮೇಲೆ ಒಬ್ಬಟ್ಟಿಗೆ ಕೂರುತ್ತಿದ್ದರು.

ಹಬ್ಬಕ್ಕೆಂದು ತಂಗಿ ಶ್ಯಾಮಲಮ್ಮನ ಮನೆಗೆ ಬಂದಿದ್ದ ಸುಬೇದಾರರು ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. “ಹಳೇ ಕಾಲದ ಪೆರೇಡ್ ಟೋಪಿ ಇದು. ದೊರೆಗಳು ಯಾರಿಗೋ ಇನಾಮು ಕೊಡೋ ವಸ್ತು ಅಲ್ಲ. ನಿಮ್ಮಪ್ಪಾರು ಮಿಲಿಟ್ರಿಲಿದ್ರಾ ಬಾವಾ?”

ಕೋದಂಡರಾಮಪ್ಪನವರು ಒಂದು ಗಳಿಗೆ ತಡವರಿಸಿದರು. “ಹೂಂ, ಇದ್ರಲ್ಲ!” ಎಂದರು. ಕೋಲಾರದ ಸಂತೆಯಿಂದಾಚೆಗೆ ಕಾಲಿಡದ ಮನುಷ್ಯ, ಸತ್ತು ಎಷ್ಟೋ ಕಾಲವಾದ ಮೇಲೆ ಮಿಲಿಟರಿಗೆ ಸೇರಿದ್ದು ಹೀಗೆ.

“ಹಂಗಾದ್ರೆ ನನ್ನ ಕೈಗೆ ಕೊಡಿ. ಬೆಂಗಳೂರಲ್ಲಿ ನಮ್ಮ ಪಲ್ಟನ್ನೋರು ಇಂಥಾವನ್ನ ಗಾಜಿನ ಬೀರುವಲ್ಲಿ ಇಡ್ತಾರೆ. ಕೆಳಗೆ ನಿಮ್ಮಪ್ಪಾರ ಹೆಸರು ಬರೆಸ್ತೀನಿ. ಸೂರ್ಯ ಚಂದ್ರ ಇರೋವರೆಗೂ ಇರ್ತದೆ.”

ಕದಿರಮ್ಮ ಪೊರಕೆ ಕೆಳಗಿಟ್ಟಳು. ಟೋಪಿ ಹೋದದ್ದನ್ನು ಆಕೆ ಎಂದೋ ನುಂಗಿಕೊಂಡಿದ್ದಳು. ವರ್ಷಕ್ಕೊಂದು ದಿನ ಅಂಗಳದಲ್ಲಿ ನಿಂತು, ದೂರದಿಂದಲೇ ಅದನ್ನು ಕಣ್ತುಂಬ ನೋಡಿ ಕೇರಿಗೆ ಹೋಗುತ್ತಿದ್ದಳು. ಈಗ ಅದರ ಕೆಳಗೆ ಇನ್ನೊಬ್ಬನ ಹೆಸರೇ?

“ಸಾಮಿ, ಅದು ನನ್ನ ಗಂಡಂದು,” ಎಂದುಬಿಟ್ಟಳು. “ಮುನಿಯಲ್ಲಪ್ಪಂದು.”

“ಏನೇ ಅದು? ಗುಡಿಸೋದು ನೋಡು!” ಕೋದಂಡರಾಮಪ್ಪನವರು ಗದರಿದರು.

“ಒಳಗೆ ಅಸ್ತರಿನಾಗೆ ಕೆಂಪು ದಾರದ ಹೊಲಿಗೆ ಐತೆ, ನೋಡಿ ಸಾಮಿ. ನನ್ನ ಮದುವೆ ಸೀರೆ ಅಂಚಿಂದ ಕಿತ್ತು ಹೊಲಿದಿದ್ದು.”

ಸುಬೇದಾರರು ಟೋಪಿಯ ಒಳಮೈ ತಿರುವಿದರು. ಬೆವರಿಗೆ ಕರಿಗಟ್ಟಿದ ಅಸ್ತರಿನಲ್ಲಿ ಗೇಣುದ್ದದ ಹೊಲಿಗೆ ಇನ್ನೂ ಕೆಂಪಗಿತ್ತು. “ಇಲ್ಲಿಗೆ ಹೆಂಗೆ ಬಂತು?” ಎಂದು ಕೇಳಿದರು.

“ಲಡಾಯಿ ಮುಗಿಸ್ಕಂಡು ಬಂದವ್ನು ಖುಷೀಲಿ ಇದ್ನ ಹಾಕ್ಕಂಡು ಈ ಬೀದೀಲೇ ನಡ್ಕಂಡು ಬಂದ. ಊರಾಚೆ ಕೇರಿಯೋನು ಗೌಡ್ರ ಮುಂದೆ ಟೋಪಿ ಹಾಕ್ಕಂಡು ಹೋಗ್ತೀಯಾ ಅಂತ ಇವರಪ್ಪ ದೊಡ್ಡ ಗೌಡ್ರು ಹೊಡೆದು ಕಿತ್ಕಂಡ್ರು. ಆಮ್ಯಾಕೆ ಆತ ಸಾಯೋವರ್ಗೂ ತಲೆಗೆ ಒಂದು ಟವಲ್ಲೂ ಸುತ್ತಲಿಲ್ಲ ಸಾಮಿ.”

ಸುಳ್ಳು ಎಂದು ಒಬ್ಬರೂ ಅನ್ನಲಿಲ್ಲ. ಅನ್ಯಾಯ ಎಂದೂ ಅನ್ನಲಿಲ್ಲ. “ಅಯ್ಯೋ ದೇವುಡಾ! ದೇವರ ಮುಂದೆ ಇಟ್ಟಿದ್ವಲ್ಲಾ!” ಎಂದು ಶ್ಯಾಮಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. ಸುಬೇದಾರರ ಕೈಯಿಂದ ಟೋಪಿ ನೆಲಕ್ಕೆ ಬಿತ್ತು. ಕೋದಂಡರಾಮಪ್ಪನವರು ಅದನ್ನು ಕೈಯಿಂದ ಮುಟ್ಟದೆ, ಕುಡುಗೋಲಿನ ತುದಿಗೆ ಸಿಕ್ಕಿಸಿ ಅಂಗಳಕ್ಕೆ ಎಸೆದರು. “ತಗೊಂಡು ತೊಲಗು!”

ಕದಿರಮ್ಮ ಸೆರಗೊಡ್ಡಿ ಹಿಡಿದುಕೊಂಡಳು. ಬಿಲ್ಲೆಯ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದಳು. ಆದರೆ ಹೋಗಲಿಲ್ಲ. ಸುಬೇದಾರರು ಬಚ್ಚಲ ಕಡೆ ಹೋಗುವುದನ್ನು ಕಂಡು ಅವರಿಗೆ ಕೇಳುವಷ್ಟು ಹತ್ತಿರ ಬಂದಳು.

“ಸಾಮಿ, ಹೆಸರು ಬರೆಸ್ತೀನಿ ಅಂದ್ರಲ್ಲ. ಮುನಿಯಲ್ಲಪ್ಪ ಅಂತ.”

ತಂಗಿ ಹಾಕಿದ ನೀರಲ್ಲಿ ಸುಬೇದಾರರು ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಎರಡೂ ಅಂಗೈಗಳನ್ನು ಮುಂದೆ ಚಾಚಿ, “ಶ್ಯಾಮಲಾ, ಇನ್ನೊಂದು ಚೊಂಬು ನೀರು ಹಾಕಮ್ಮ,” ಎಂದರು.