ಕುರಿಮರಿಯ ಟಾನಿಕ್

"ನಿಮ್ಮ ವಿಟಮಿನ್ ಟಾನಿಕ್ ಖೊಟ್ಟಿ ಅದರಿ, ಡಾಕ್ಟರ್ ಸಾಹೇಬ್ರ!" ಘಾಟಬೋರಾಳದ ಭೀಮಬಾಯಿ ದನದ ದವಾಖಾನೆಯ ಮೇಜಿನ ಮೇಲೆ ಖಾಲಿ ಬಾಟಲಿ ಕುಕ್ಕಿದಳು. "ನನ್ನ ಮಗ ದಿನಾ ತನ್ನ ಕೈಯಾರೆ ಕುಡಿಸ್ಯಾನ. ಆದ್ರೂ ಮರಿ ಎದ್ದು ನಿಂದ್ರವಲ್ದು."

ಮಗ ಪಂಡರಿಯ ತೋಳಿನಲ್ಲಿದ್ದ ಕುರಿಮರಿ ಅವನ ಬೆರಳನ್ನು ಚೀಪತೊಡಗಿತು. ಅವನು ರುಮಾಲನ್ನು ಹಣೆಯವರೆಗೆ ಎಳೆದುಕೊಂಡ.

"ಔಷಧ ಖೊಟ್ಟಿ ಅಲ್ಲರಿ ಸಾಹೇಬ್ರ," ಎಂದ ನೆಲ ನೋಡುತ್ತ. "ಅರ್ಧಕ್ಕಿಂತ ಹೆಚ್ಚು ನಾನೇ ಕುಡಿದೀನಿ. ಕುರಿಗೆ ಕೂದಲ ದಟ್ಟ ಬರ್ತಾವಂದ್ರ ನನ್ನ ತಲಿಗೂ ಬರಬಹುದು ಅನ್ಕೊಂಡೆ. ಹೆಣ್ಣು ನೋಡಾಕ ಹೋದಲ್ಲೆಲ್ಲ ನಗ್ತಾರರಿ."

"ಅಪ್ಪ-ಅಜ್ಜನಿಂದ ಬಂದ ಬೋಳು ವಿಟಮಿನ್ ಕುಡಿದ್ರ ಹೋಗಂಗಿಲ್ಲೋ ತಮ್ಮಾ." ಡಾಕ್ಟರು ನಗದೆ ಇನ್ನೊಂದು ಬಾಟಲಿ ತೆಗೆದರು.

ಪಂಡರಿ ಕೈ ಚಾಚಿದ. ಭೀಮಬಾಯಿ ಅವನಿಗಿಂತ ಮೊದಲೇ ಅದನ್ನು ತೆಗೆದುಕೊಂಡು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.